ಮೋಟಾರ್ ಸೈಕಲ್ಲಿನ ಆಕ್ಸಿಲರೇಟರ್ ಕೇಬಲ್: ಎಣ್ಣೆ ಹಾಕುವ ಕ್ರಮ ಮತ್ತು ಆರೈಕೆ

ಇಂದು ಹಳ್ಳಿಗಳಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಮೋಟಾರ್ ಸೈಕಲ್ ಮತ್ತು ಮೊಪೆಡ್‌ಗಳು ಮಾಡುತ್ತಿವೆ. ಬೆಳಗಿನ ಜಾವ ಹಾಲಿನ ಕ್ಯಾನುಗಳನ್ನು ಸಹಕಾರ ಸಂಘಕ್ಕೆ ಮುಟ್ಟಿಸುವುದು, ಹೊಲಕ್ಕೆ ಗೊಬ್ಬರದ ಚೀಲ ಒಯ್ಯುವುದು, ಸಂಜೆ ಹಸಿರು ಮೇವಿನ ಹೊರೆ ಮನೆಗೆ ತರುವುದು, ಸಂತೆಗೆ ತರಕಾರಿ ಸಾಗಿಸುವುದು, ಇವೆಲ್ಲ ಈಗ ಎರಡು ಚಕ್ರದ ಮೇಲೆಯೇ ನಡೆಯುತ್ತವೆ. ಇಂತಹ ವಾಹನದ ಇಂಜಿನ್ ಆಯಿಲನ್ನು ಬಹುತೇಕ ರೈತರು ಕಾಲಕಾಲಕ್ಕೆ ಬದಲಾಯಿಸುತ್ತಾರೆ. ಚೈನಿಗೆ ಎಣ್ಣೆ ಬಿಡುತ್ತಾರೆ, ಚಕ್ರಕ್ಕೆ ಗಾಳಿ ತುಂಬಿಸುತ್ತಾರೆ. ಆದರೆ ಬಲಗೈ ಹಿಡಿಯಿಂದ ಇಂಜಿನ್ನಿಗೆ ಹೋಗುವ ತೆಳುವಾದ ಆಕ್ಸಿಲರೇಟರ್ ಕೇಬಲ್ ಕಡೆಗೆ ಗಮನ ಹರಿಸುವವರು ವಿರಳ. ಅದು ತುಂಡಾದ ದಿನವೇ ಅದರ ನೆನಪಾಗುವುದು.

ಕೇಬಲ್ ತುಂಡಾದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಒಂದು ದಿನದ ಕೆಲಸ ಕೆಡಬಹುದು. ಆದರೆ ಕೇಬಲ್ ಒಳಗೆ ಬಿಗಿಯಾಗಿ, ತಿರುಗಿಸಿದ ಆಕ್ಸಿಲರೇಟರ್ ಹಿಂದಕ್ಕೆ ಬಾರದೆ ನಿಂತರೆ ಅದು ಪ್ರಾಣಕ್ಕೇ ಅಪಾಯ. ಎರಡು ಹಾಲಿನ ಕ್ಯಾನುಗಳ ಭಾರದೊಂದಿಗೆ ಇಳಿಜಾರಿನ ತಿರುವಿಗೆ ಬಂದ ಸವಾರನು ಕೈ ಸಡಿಲಿಸಿದರೂ ಗಾಡಿಯ ವೇಗ ಇಳಿಯದಿದ್ದರೆ ಏನಾಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ವರ್ಷಕ್ಕೆ ಎರಡು ಬಾರಿ ಸ್ವಲ್ಪ ಹೊತ್ತು ಮತ್ತು ನಾಲ್ಕಾರು ಚಮಚ ಎಣ್ಣೆ ಖರ್ಚು ಮಾಡಿದರೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದರ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಕೇಬಲ್ಲಿನ ರಚನೆ

ಹೊರಗೆ ಕೊಳವೆ, ಒಳಗೆ ಜಾರುವ ತಂತಿ ಇರುವ ಈ ಬಗೆಯ ಕೇಬಲ್ಲಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಎಂಬುವರು ಬ್ರಿಟನ್ನಿನಲ್ಲಿ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಂದಿನಿಂದ ಇಂದಿನವರೆಗೆ ಅದರ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಸೈಕಲ್ಲಿನ ಬ್ರೇಕ್ ಕೇಬಲ್, ಪವರ್ ಟಿಲ್ಲರಿನ ಕ್ಲಚ್ ಕೇಬಲ್, ಕಳೆ ಕತ್ತರಿಸುವ ಯಂತ್ರದ ಆಕ್ಸಿಲರೇಟರ್ ಕೇಬಲ್ ಎಲ್ಲವೂ ಇದೇ ಜಾತಿಯವು.

ಇದರ ಮುಖ್ಯ ಭಾಗಗಳು ಹೀಗಿವೆ:

1. ಒಳತಂತಿ: ಉಕ್ಕಿನ ಹಲವು ಸಣ್ಣ ಎಳೆಗಳನ್ನು ಹಗ್ಗದಂತೆ ಹೊಸೆದು ಮಾಡಿದ್ದು. ಒಂದೇ ದಪ್ಪ ತಂತಿಯಾಗಿದ್ದರೆ ಪದೇ ಪದೇ ಬಾಗಿ ಬೇಗ ಮುರಿಯುತ್ತಿತ್ತು.

2. ಹೊರಕವಚ: ಉಕ್ಕಿನ ತಂತಿಯನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ ಮಾಡಿದ ಕೊಳವೆ. ಇದರ ಮೇಲೆ ನೀರು ತಾಗದಂತೆ ಕರಿಯ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ.

3. ಒಳಪದರ: ಹೊಸ ಕೇಬಲ್ಲುಗಳಲ್ಲಿ ಕೊಳವೆಯ ಒಳಗೆ ನೈಲಾನ್ ಅಥವಾ ಟೆಫ್ಲಾನಿನ ತೆಳುವಾದ ನಳಿಕೆ ಇರುವುದುಂಟು. ಹಳೆಯ ಬಗೆಯ ಕೇಬಲ್ಲುಗಳಲ್ಲಿ ಇದು ಇರುವುದಿಲ್ಲ. ಉಕ್ಕಿನ ಮೇಲೆ ಉಕ್ಕೇ ಉಜ್ಜುತ್ತದೆ.

4. ನಿಪ್ಪಲ್: ಒಳತಂತಿಯ ಎರಡು ತುದಿಗಳಲ್ಲಿ ಬೆಸೆದಿರುವ ಸಣ್ಣ ಲೋಹದ ಗುಂಡು. ಒಂದು ಹಿಡಿಯ ಗಾಲಿಯೊಳಗೂ ಮತ್ತೊಂದು ಕಾರ್ಬ್ಯುರೇಟರ್ ಕಡೆಗೂ ಕೂರುತ್ತದೆ.

5. ಅಡ್ಜಸ್ಟರ್ ಮತ್ತು ಲಾಕ್ ನಟ್: ಕೇಬಲ್ಲಿನ ಬಿಗಿ ಹಾಗೂ ಸಡಿಲವನ್ನು ಸರಿಪಡಿಸಲು ಇರುವ ತಿರುಪು.

ಕೈ ಎಳೆಯುತ್ತದೆ, ಸ್ಪ್ರಿಂಗ್ ಹಿಂದಿರುಗಿಸುತ್ತದೆ

ಈ ಕೇಬಲ್ಲಿನ ಒಂದು ಗುಣವನ್ನು ತಿಳಿದುಕೊಂಡರೆ ಉಳಿದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ತಂತಿಯಿಂದ ಎಳೆಯಬಹುದೇ ಹೊರತು ತಳ್ಳಲು ಬರುವುದಿಲ್ಲ. ಸವಾರನು ಹಿಡಿಯನ್ನು ತನ್ನ ಕಡೆಗೆ ತಿರುಗಿಸಿದಾಗ ತಂತಿ ಕಾರ್ಬ್ಯುರೇಟರಿನ ಸ್ಲೈಡನ್ನು ಮೇಲಕ್ಕೆ ಎಳೆಯುತ್ತದೆ. ಇಂಜಿನ್ನಿಗೆ ಹೆಚ್ಚು ಗಾಳಿ ಮತ್ತು ಪೆಟ್ರೋಲ್ ಹೋಗುತ್ತದೆ. ಕೈ ಸಡಿಲಿಸಿದಾಗ ಸ್ಲೈಡನ್ನು ಕೆಳಕ್ಕೆ ದೂಡಿ ತಂತಿಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಒಂದು ಚಿಕ್ಕ ಸ್ಪ್ರಿಂಗ್ ಮಾತ್ರ.

ದೇಶದಲ್ಲಿ ಬಿ.ಎಸ್. 6 ಹೊಗೆ ನಿಯಮಗಳು 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಹೊಸ ವಾಹನಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರ್ ಬಿಟ್ಟು ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಗೆ ಬಂದಿವೆ. ಆದರೂ ಸಾಮಾನ್ಯ ಬಳಕೆಯ ಗಾಡಿಗಳಲ್ಲಿ ಗಾಳಿಯ ಬಾಗಿಲನ್ನು ತೆರೆಯುವುದು ಕೇಬಲ್ಲೇ, ಮುಚ್ಚುವುದು ಸ್ಪ್ರಿಂಗೇ. ಕೆಲವು ಗಾಡಿಗಳಲ್ಲಿ ಮುಚ್ಚುವುದಕ್ಕೆಂದೇ ಎರಡನೆಯ ಕೇಬಲ್ ಇರುತ್ತದೆ. ದುಬಾರಿ ಬೆಲೆಯ ಕೆಲವು ಗಾಡಿಗಳಲ್ಲಿ ಮಾತ್ರ ಕೇಬಲ್ ಇಲ್ಲದೆ ವಿದ್ಯುತ್ತಿನಿಂದಲೇ ಈ ಕೆಲಸ ನಡೆಯುತ್ತದೆ.

ಮನುಷ್ಯನ ಕೈ ಬಲವಾದದ್ದು, ಸ್ಪ್ರಿಂಗ್ ದುರ್ಬಲವಾದದ್ದು. ಕೇಬಲ್ಲಿನೊಳಗೆ ತುಕ್ಕು ಹಿಡಿದು ಉಜ್ಜಾಟ ಹೆಚ್ಚಿದಾಗ ಕೈ ತನಗರಿವಿಲ್ಲದೆಯೇ ಸ್ವಲ್ಪ ಹೆಚ್ಚು ಬಲ ಹಾಕಿ ಎಳೆದುಬಿಡುತ್ತದೆ. ದಿನೇ ದಿನೇ ಅದಕ್ಕೇ ರೂಢಿಯಾಗುತ್ತದೆ. ಆದರೆ ಸ್ಪ್ರಿಂಗಿನ ಬಲ ಅಷ್ಟೇ ಇರುತ್ತದೆ. ಉಜ್ಜಾಟವು ಸ್ಪ್ರಿಂಗಿನ ಬಲವನ್ನು ಮೀರಿದ ದಿನ ಆಕ್ಸಿಲರೇಟರ್ ತೆರೆದಲ್ಲೇ ನಿಲ್ಲುತ್ತದೆ. ಆದುದರಿಂದ ಕೇಬಲ್ ಚೆನ್ನಾಗಿದೆಯೇ ಎಂಬುದನ್ನು ತಿರುಗಿಸಿ ನೋಡಿ ತಿಳಿಯಲಾಗದು, ಬಿಟ್ಟು ನೋಡಿ ತಿಳಿಯಬೇಕು.

ಕೇಬಲ್ ಬಿಗಿಯಾಗಲು ಕಾರಣಗಳು

ನೀರು ಮತ್ತು ತುಕ್ಕು: ಮಳೆಯ ನೀರು ಹಿಡಿಯ ಕಡೆಯ ತುದಿಯಿಂದ ಒಳಗಿಳಿದು ಕೊಳವೆಯ ತಗ್ಗಾದ ಬಾಗಿನಲ್ಲಿ ನಿಲ್ಲುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ತಿಂಗಳುಗಟ್ಟಲೆ ಮಳೆಯಲ್ಲಿ ಓಡುವ ಗಾಡಿಗಳಿಗೆ ಈ ತೊಂದರೆ ಹೆಚ್ಚು. ಕರಾವಳಿಯ ಉಪ್ಪುಗಾಳಿ ತುಕ್ಕನ್ನು ಇನ್ನಷ್ಟು ಬೇಗ ತರುತ್ತದೆ. ಗಾಡಿ ತೊಳೆಯುವಾಗ ಪಂಪ್‌ಸೆಟ್ಟಿನ ಪೈಪನ್ನು ನೇರವಾಗಿ ಹ್ಯಾಂಡಲ್ಲಿನ ಮೇಲೆ ಹಿಡಿಯುವುದರಿಂದಲೂ ಹೀಗಾಗುತ್ತದೆ.

ಧೂಳು: ಬಯಲುಸೀಮೆಯ ಬೇಸಿಗೆಯ ರಸ್ತೆಗಳ ನುಣ್ಣನೆಯ ಧೂಳು ಹಳೆಯ ಎಣ್ಣೆಯೊಂದಿಗೆ ಬೆರೆತು ಸಾಣೆಯ ಪುಡಿಯಂತೆ ಕೆಲಸ ಮಾಡುತ್ತದೆ. ತಂತಿಯ ಎಳೆಗಳನ್ನೂ ಒಳಪದರವನ್ನೂ ಅದು ಸವೆಸುತ್ತದೆ.

ಗೊಬ್ಬರ: ರಾಸಾಯನಿಕ ಗೊಬ್ಬರಗಳು, ಅದರಲ್ಲೂ ಪೊಟ್ಯಾಷ್, ತೇವದೊಂದಿಗೆ ಸೇರಿದಾಗ ಕಬ್ಬಿಣವನ್ನು ತಿನ್ನುತ್ತವೆ. ಟ್ಯಾಂಕಿನ ಮೇಲೆ ಚೀಲವಿಟ್ಟು ಒಯ್ದ ಬಳಿಕ ಹ್ಯಾಂಡಲ್ ಮತ್ತು ಕೇಬಲ್ಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು.

ಅತಿಯಾದ ಬಾಗು: ಮರಕ್ಕೆ ಒಂದು ಸುತ್ತು ಹಗ್ಗ ಹಾಕಿ ಹಿಡಿದರೆ ಒಬ್ಬನೇ ಮನುಷ್ಯ ಬಲವಾದ ಎತ್ತನ್ನೂ ತಡೆದು ನಿಲ್ಲಿಸಬಲ್ಲನೆಂಬುದು ರೈತರಿಗೆ ತಿಳಿದ ವಿಷಯ. ಬಾಗಿದ ಕಡೆಯಲ್ಲಿ ಹುಟ್ಟುವ ಉಜ್ಜಾಟವೇ ಇದಕ್ಕೆ ಕಾರಣ. ಕೇಬಲ್ಲಿನಲ್ಲಿಯೂ ಅಷ್ಟೇ. ಬಾಗು ಹೆಚ್ಚಿದಷ್ಟೂ ಉಜ್ಜಾಟ ಹಲವು ಪಟ್ಟು ಏರುತ್ತದೆ. ಹೆಡ್‌ಲೈಟಿನ ಹಿಂದೆ ಕೇಬಲ್ಲನ್ನು ತಂತಿಯಿಂದ ಬಿಗಿದು ಕಟ್ಟುವುದು, ಕ್ಯಾನು ಅಥವಾ ಚೀಲದ ಹಗ್ಗವನ್ನು ಅದರ ಮೇಲೆ ಹಾಯಿಸುವುದು, ಟ್ಯಾಂಕಿನ ಕೆಳಗೆ ಅದು ಒತ್ತಿಹೋಗುವುದು, ಇವೆಲ್ಲ ತಪ್ಪು.

ಎರಡು ನಿಮಿಷದ ಪರೀಕ್ಷೆ

ಈ ಪರೀಕ್ಷೆಗೆ ಯಾವ ಸಾಮಗ್ರಿಯೂ ಬೇಡ. ವಾರಕ್ಕೊಮ್ಮೆ ಮಾಡಿದರೆ ಉತ್ತಮ.

ಮೊದಲನೆಯದಾಗಿ, ಇಂಜಿನ್ ನಿಲ್ಲಿಸಿ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ಹಾಕಬೇಕು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ತಟ್ಟನೆ ಕೈಬಿಡಬೇಕು. ಅದು ತಾನಾಗಿಯೇ ಸರ್ರನೆ ಹಿಂದಕ್ಕೆ ಬಂದು 'ಟಕ್' ಎಂದು ನಿಲ್ಲಬೇಕು. ನಿಧಾನವಾಗಿ ಬಂದರೆ, ನಡುವೆ ತಡೆದರೆ ಅಥವಾ ಕೊನೆಯಲ್ಲಿ ಕೈಯಿಂದ ದೂಡಬೇಕಾದರೆ ಅದು ಎಚ್ಚರಿಕೆಯ ಸೂಚನೆ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ತಿರುಗಿಸಿ ಇದೇ ಪರೀಕ್ಷೆಯನ್ನು ಪುನಃ ಮಾಡಬೇಕು.

ಎರಡನೆಯದಾಗಿ, ಗಾಡಿಯನ್ನು ಬಯಲಿನಲ್ಲಿ ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲ್ಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಬೇಕು. ಇಂಜಿನ್ನಿನ ಸದ್ದು ಬದಲಾಗಬಾರದು. ಒಂದು ಕಡೆ ತಿರುಗಿಸಿದಾಗ ಇಂಜಿನ್ ತಾನಾಗಿಯೇ ರೇಸ್ ಆದರೆ ಕೇಬಲ್ ಗಿಡ್ಡವಾಗಿದೆ, ಅಥವಾ ತಪ್ಪು ದಾರಿಯಲ್ಲಿ ಹಾಯ್ದಿದೆ, ಇಲ್ಲವೇ ಅದಕ್ಕೆ ಸಡಿಲ ಸಾಲದು ಎಂದು ತಿಳಿಯಬೇಕು. ಇಂತಹ ಗಾಡಿ ತಿರುವಿನಲ್ಲಿಯೇ ವೇಗ ಪಡೆಯುತ್ತದೆ.

ಮೂರನೆಯದಾಗಿ, ಎರಡು ತುದಿಗಳಲ್ಲಿ ಕಾಣುವಷ್ಟು ಒಳತಂತಿಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಒಂದೇ ಒಂದು ಎಳೆ ಕಿತ್ತು ನಿಂತಿದ್ದರೂ ಕೇಬಲ್ ಬದಲಾಯಿಸಬೇಕು. ಕಿತ್ತ ಎಳೆಯ ತುದಿ ಕೊಳವೆಯ ಬಾಯಿಗೆ ಮುಳ್ಳಿನಂತೆ ಸಿಕ್ಕಿಕೊಂಡು ಆಕ್ಸಿಲರೇಟರನ್ನು ತೆರೆದಲ್ಲೇ ಹಿಡಿದುಬಿಡುತ್ತದೆ. ಇದಕ್ಕೆ ಎಣ್ಣೆ ಪರಿಹಾರವಲ್ಲ.

ಯಾವ ಎಣ್ಣೆ ಯೋಗ್ಯ?

ಕೇಬಲ್ಲಿಗೆಂದೇ ಮಾರುವ ಎಣ್ಣೆ ಅಥವಾ ಹೊಲಿಗೆ ಯಂತ್ರಕ್ಕೆ ಬಳಸುವಂತಹ ತೆಳುವಾದ ಮೆಷಿನ್ ಆಯಿಲ್ ಉತ್ತಮ. ಅದು ಸಿಗದಿದ್ದಲ್ಲಿ ಹೊಸ ಇಂಜಿನ್ ಆಯಿಲನ್ನು ಮಿತವಾಗಿ ಬಳಸಬಹುದು. ಅದು ಸ್ವಲ್ಪ ಮಂದವಾಗಿರುವುದರಿಂದ ಒಳಗಿಳಿಯಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಕೆಳಗಿನವುಗಳನ್ನು ಬಳಸಬಾರದು:

ಕೊಬ್ಬರಿ ಎಣ್ಣೆ: ಮನೆಯಲ್ಲಿ ಕೈಗೆ ಸಿಗುತ್ತದೆಂದು ಹಲವರು ಇದನ್ನೇ ಬಿಡುತ್ತಾರೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗಿನ ಜಾವ, ಅಂದರೆ ಹಾಲು ಒಯ್ಯುವ ಹೊತ್ತಿಗೇ, ಕೇಬಲ್ಲಿನೊಳಗೆ ಅದು ಗಟ್ಟಿಯಾಗಿರುತ್ತದೆ.

ಕಡಲೆಕಾಯಿ, ಕುಸುಬೆ ಮುಂತಾದ ಅಡಿಗೆ ಎಣ್ಣೆಗಳು: ಇವು ಗಾಳಿಗೆ ಕ್ರಮೇಣ ಅಂಟಾಗುತ್ತವೆ. ಎಣ್ಣೆಯ ಡಬ್ಬಿಯ ಹೊರಗೆ ಕಟ್ಟುವ ಜಿಗುಟನ್ನು ನೆನೆದರೆ ಸಾಕು.

ಹಳೆಯ ಇಂಜಿನ್ ಆಯಿಲ್: ಗಾಡಿಯಿಂದ ಇಳಿಸಿದ ಕರಿಯ ಎಣ್ಣೆಯಲ್ಲಿ ಲೋಹದ ಕಣ, ಮಸಿ ಮತ್ತು ಆಮ್ಲದ ಅಂಶ ಇರುತ್ತವೆ. ಇದು ತಂತಿಯನ್ನು ಕಾಪಾಡುವುದಕ್ಕಿಂತ ಹೆಚ್ಚಾಗಿ ಕೆಡಿಸುತ್ತದೆ.

ಮಂದ ಗ್ರೀಸ್: ಕೊಳವೆಯೊಳಗೆ ಗ್ರೀಸ್ ತುಂಬಿದರೆ ಧೂಳನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಗ್ರೀಸಿನ ಸ್ಥಾನ ನಿಪ್ಪಲ್ಲುಗಳ ಮೇಲೆ ಮಾತ್ರ, ಅದೂ ಬೆರಳ ತುದಿಯಷ್ಟು.

ತುಕ್ಕು ಬಿಡಿಸಲು ಬಳಸುವ ಸ್ಪ್ರೇ ಡಬ್ಬಿಗಳು ನೀರನ್ನು ಹೊರದೂಡಿ ಕೊಳೆಯನ್ನು ಸಡಿಲಿಸುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ಬೇಗ ಆರಿಹೋಗುತ್ತವೆ. ಆದ್ದರಿಂದ ಅವನ್ನು ಸ್ವಚ್ಛಗೊಳಿಸಲು ಬಳಸಿ, ನಂತರ ಎಣ್ಣೆ ಹಾಕಬೇಕು.

ಟೆಫ್ಲಾನ್ ಒಳಪದರವಿರುವ ಕೆಲವು ಕೇಬಲ್ಲುಗಳಿಗೆ ಎಣ್ಣೆ ಅವಶ್ಯವಿಲ್ಲವೆಂದು ತಯಾರಕರೇ ತಿಳಿಸಿರುತ್ತಾರೆ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಹಾಗೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಅಂತಹ ಕೇಬಲ್ ಬಿಗಿಯಾದರೆ ಒಳಪದರ ಸವೆದಿದೆ ಎಂದೇ ಅರ್ಥ; ಅದನ್ನು ಬದಲಾಯಿಸುವುದೇ ಸರಿಯಾದ ದಾರಿ.

ಎಣ್ಣೆ ಹಾಕುವ ವಿಧಾನ

ಬೇಕಾಗುವ ಸಾಮಗ್ರಿಗಳು: ಸ್ಕ್ರೂ ಡ್ರೈವರ್, ಅಡ್ಜಸ್ಟರಿಗೆ ಹೊಂದುವ ಸ್ಪ್ಯಾನರ್, ತೆಳುವಾದ ಎಣ್ಣೆ, ಸ್ವಲ್ಪ ಗ್ರೀಸ್, ಗಟ್ಟಿ ಪ್ಲಾಸ್ಟಿಕ್ ಹಾಳೆಯ ತುಂಡು, ಇನ್ಸುಲೇಷನ್ ಟೇಪ್, ಹಳೆಯ ಬಟ್ಟೆ ಮತ್ತು ಒಂದು ಖಾಲಿ ಡಬ್ಬಿ.

ಸಂಜೆ ಕೆಲಸ ಮುಗಿದ ಮೇಲೆ ಪ್ರಾರಂಭಿಸಿದರೆ ರಾತ್ರಿಯಿಡೀ ಎಣ್ಣೆ ಇಳಿಯಲು ಅವಕಾಶವಾಗುತ್ತದೆ. ಇಂಜಿನ್ ತಣ್ಣಗಾಗಿರಬೇಕು ಮತ್ತು ಕೀಲಿ ತೆಗೆದಿರಬೇಕು. ಪೆಟ್ರೋಲಿನ ಆವಿ ಇರುವ ಜಾಗವಾದ್ದರಿಂದ ಬೀಡಿ, ದೀಪ, ಒಲೆ ಹತ್ತಿರ ಇರಬಾರದು.

1. ಕೇಬಲ್ ಹಾಯ್ದಿರುವ ದಾರಿಯನ್ನು ಮೊದಲು ಗಮನವಿಟ್ಟು ನೋಡಬೇಕು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮರಳಿ ಜೋಡಿಸುವಾಗ ಗೊಂದಲವಾಗುವುದಿಲ್ಲ.

2. ಹಿಡಿಯ ಬಳಿಯ ರಬ್ಬರ್ ಟೋಪಿಯನ್ನು ಸರಿಸಿ, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಬೇಕು. ಇದರಿಂದ ತಂತಿಗೆ ಬೇಕಾದಷ್ಟು ಸಡಿಲ ಸಿಗುತ್ತದೆ. ಎಷ್ಟು ಸುತ್ತು ತಿರುಗಿಸಲಾಯಿತೆಂಬುದನ್ನು ಲೆಕ್ಕವಿಡಬೇಕು.

3. ಬಲಗೈ ಸ್ವಿಚ್ ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ ಎರಡು ಹೋಳುಗಳನ್ನು ಬೇರ್ಪಡಿಸಬೇಕು. ಒಳಗಿರುವ ಸ್ವಿಚ್ಚಿನ ವೈರುಗಳು ಜಗ್ಗದಂತೆ ಎಚ್ಚರವಹಿಸಬೇಕು. ಹಿಡಿಯ ಗಾಲಿಯಿಂದ ನಿಪ್ಪಲ್ಲನ್ನು ಮೆಲ್ಲಗೆ ಬಿಡಿಸಬೇಕು.

4. ಇಂಜೆಕ್ಷನ್ ಗಾಡಿಗಳಲ್ಲಿ ಕೆಳತುದಿಯು ಹೊರಗೇ ಕಾಣುವ ಸಣ್ಣ ಗಾಲಿಗೆ ಸೇರಿರುತ್ತದೆ. ಅಲ್ಲಿಂದ ಅದನ್ನು ಬಿಡಿಸಬಹುದು. ಸ್ಲೈಡ್ ಇರುವ ಕಾರ್ಬ್ಯುರೇಟರುಗಳಲ್ಲಿ ಮೇಲಿನ ಮುಚ್ಚಳ ತೆಗೆದಾಗ ಸ್ಪ್ರಿಂಗ್, ಸ್ಲೈಡ್ ಮತ್ತು ಸೂಜಿ ಒಟ್ಟಿಗೆ ಹೊರಬರುತ್ತವೆ. ಸ್ಪ್ರಿಂಗನ್ನು ಒತ್ತಿ ಹಿಡಿದು ನಿಪ್ಪಲ್ ಬಿಡಿಸಿ, ಇವನ್ನು ಶುಚಿಯಾದ ಬಟ್ಟೆಯಲ್ಲಿ ಸುತ್ತಿಡಬೇಕು. ಕಾರ್ಬ್ಯುರೇಟರಿನ ಬಾಯಿಗೆ ಧೂಳು ಬೀಳದಂತೆ ಬಟ್ಟೆ ಮುಚ್ಚಬೇಕು. ಸ್ಲೈಡನ್ನು ಮರಳಿ ಹಾಕುವಾಗ ಅದರ ಗಾಡಿಯು ಒಳಗಿನ ಪಿನ್ನಿಗೆ ಸರಿಯಾಗಿ ಕೂರಬೇಕು. ತಿರುಗುಮುರುಗಾಗಿ ಕೂರಿಸಿದರೆ ಇಂಜಿನ್ ಚಾಲೂ ಆದೊಡನೆ ಹದ್ದುಮೀರಿ ರೇಸ್ ಆಗುತ್ತದೆ. ಈ ಹಂತದಲ್ಲಿ ಅನುಭವವಿಲ್ಲದವರು ಮೊದಲ ಸಲ ಮೆಕ್ಯಾನಿಕ್ಕಿನ ಕೈಯಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಕ್ಷೇಮ.

5. ಕೇಬಲ್ಲಿನ ಮೇಲಿನ ತುದಿಯನ್ನು ಎತ್ತರಕ್ಕೆ ನಿಲ್ಲಿಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ಕಡಲೆಕಾಯಿ ಪೊಟ್ಟಣದಂತೆ ಸುರುಳಿ ಸುತ್ತಿ, ಅದರ ಚೂಪಾದ ತುದಿಯನ್ನು ಹೊರಕವಚದ ಬಾಯಿಗೆ ತೊಡಿಸಿ ಟೇಪಿನಿಂದ ಬಿಗಿಯಾಗಿ ಸುತ್ತಬೇಕು. ಒಳತಂತಿ ಪೊಟ್ಟಣದ ನಡುವೆ ನಿಂತಿರಬೇಕು. ಕೆಳತುದಿಯ ಅಡಿಯಲ್ಲಿ ಖಾಲಿ ಡಬ್ಬಿ ಇಡಬೇಕು.

6. ಒಳಪದರವಿಲ್ಲದ ಹಳೆಯ ಕೇಬಲ್ ಬಹಳ ಕೊಳೆಯಾಗಿದ್ದರೆ ಮೊದಲು ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು, ತಂತಿಯನ್ನು ಮೇಲೆ ಕೆಳಗೆ ಆಡಿಸಿ ತೊಳೆಯಬೇಕು. ಅದು ಪೂರ್ತಿ ಸೋರಿಹೋದ ಮೇಲೆಯೇ ಎಣ್ಣೆ ಹಾಕಬೇಕು.

7. ಪೊಟ್ಟಣದೊಳಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ತಂತಿಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ಎಣ್ಣೆ ಇಳಿದಂತೆ ಮತ್ತಷ್ಟು ಬಿಡಬೇಕು. ಮೊದಲು ಕೆಳಗೆ ಬರುವ ಎಣ್ಣೆ ಕಂದು ಅಥವಾ ಕಪ್ಪು ಬಣ್ಣದ್ದಾಗಿರುತ್ತದೆ. ಅದು ತಿಳಿಯಾಗಿ ಬರುವವರೆಗೆ ಮುಂದುವರಿಸಿ, ರಾತ್ರಿಯಿಡೀ ಹಾಗೆಯೇ ತೂಗಬಿಡಬೇಕು.

8. ಬೆಳಿಗ್ಗೆ ಪೊಟ್ಟಣ ತೆಗೆದು ಹೊರಗಿನ ಎಣ್ಣೆಯನ್ನು ಪೂರ್ಣವಾಗಿ ಒರೆಸಬೇಕು. ಹಿಡಿಯ ಗಾಲಿಯನ್ನು ಸ್ವಚ್ಛಗೊಳಿಸಿ, ನಿಪ್ಪಲ್ಲಿಗೆ ಬೆರಳ ತುದಿಯಷ್ಟು ಗ್ರೀಸ್ ಸವರಿ ಮರಳಿ ಜೋಡಿಸಬೇಕು. ಹ್ಯಾಂಡಲ್ ಪೈಪಿನ ಮೇಲೆ ಹಿಡಿ ತಿರುಗುವ ಜಾಗದಲ್ಲಿ ಮಣ್ಣು ಅಥವಾ ತುಕ್ಕು ಇದ್ದರೆ ತೆಗೆಯಬೇಕು. ಎಷ್ಟೋ ವೇಳೆ ಕೇಬಲ್ ಸರಿಯಿದ್ದರೂ ಈ ಜಾಗದ ಕೊಳೆಯಿಂದಲೇ ಹಿಡಿ ಬಿಗಿಯಾಗಿರುತ್ತದೆ.

ಎಣ್ಣೆಯ ಒಂದು ಹನಿಯೂ ಮುಂದಿನ ಚಕ್ರದ ಬ್ರೇಕ್ ಅಥವಾ ಟೈರಿನ ಮೇಲೆ ಬೀಳಬಾರದು. ಕೆಲಸಕ್ಕೆ ಮುಂಚೆಯೇ ಅವುಗಳ ಮೇಲೆ ಹಳೆಯ ಗೋಣಿಚೀಲ ಹೊದಿಸಿದರೆ ಒಳ್ಳೆಯದು.

ಸಡಿಲವನ್ನು ಸರಿಪಡಿಸುವುದು

ಹಿಡಿಯನ್ನು ತಿರುಗಿಸಲು ಪ್ರಾರಂಭಿಸಿದಾಗ ಇಂಜಿನ್ನಿಗೆ ಎಳೆತ ತಾಗುವ ಮುನ್ನ ಸ್ವಲ್ಪ ಖಾಲಿ ತಿರುಗುವಿಕೆ ಇರಬೇಕು. ಮೆಕ್ಯಾನಿಕ್ಕುಗಳು ಇದನ್ನು 'ಪ್ಲೇ' ಎನ್ನುತ್ತಾರೆ. ಹಿಡಿಯ ಒಳಅಂಚಿನಲ್ಲಿ ಅಳೆದಾಗ ಇದು ಸಾಮಾನ್ಯವಾಗಿ 2 ರಿಂದ 6 ಮಿಲಿಮೀಟರ್ ಇರಬೇಕು. ಆಯಾ ಗಾಡಿಯ ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ.

ಪ್ಲೇ ಇಲ್ಲದಿದ್ದರೆ ಕೇಬಲ್ ಯಾವಾಗಲೂ ಸ್ಲೈಡನ್ನು ಕೊಂಚ ಎತ್ತಿ ಹಿಡಿದಿರುತ್ತದೆ. ಇಂಜಿನ್ ನಿಂತಲ್ಲೇ ಜೋರಾಗಿ ಓಡುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಇಂತಹ ಸಂದರ್ಭದಲ್ಲಿ ಅನೇಕರು ಕಾರ್ಬ್ಯುರೇಟರಿನ ತಿರುಪನ್ನು ತಿರುಗಿಸಲು ಹೋಗುತ್ತಾರೆ. ಮೊದಲು ಕೇಬಲ್ಲಿನ ಪ್ಲೇ ನೋಡುವುದು ಸರಿಯಾದ ಕ್ರಮ. ಪ್ಲೇ ಅತಿಯಾದರೆ ಹಿಡಿ ಪೂರ್ತಿ ತಿರುಗಿಸಿದರೂ ಸ್ಲೈಡ್ ಪೂರ್ತಿ ತೆರೆಯದೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ.

ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತದೆ, ಒಳಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಅಳತೆ ಸರಿಯಾದ ಮೇಲೆ ಲಾಕ್ ನಟ್ ಬಿಗಿಮಾಡಿ ರಬ್ಬರ್ ಟೋಪಿಯನ್ನು ಸ್ವಸ್ಥಾನಕ್ಕೆ ತರಬೇಕು. ಈ ಟೋಪಿಯೇ ಮಳೆನೀರಿಗೆ ಕೊಡೆ; ಹರಿದಿದ್ದರೆ ಹೊಸದನ್ನು ಹಾಕಬೇಕು. ಕೊನೆಯಲ್ಲಿ ಮೇಲೆ ಹೇಳಿದ ಮೂರು ಪರೀಕ್ಷೆಗಳನ್ನೂ ಮತ್ತೊಮ್ಮೆ ಮಾಡದೆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಯಾವಾಗ ಬದಲಾಯಿಸಬೇಕು?

ಎಳೆ ಕಿತ್ತಿದ್ದರೆ, ಹೊರಕವಚದ ಪ್ಲಾಸ್ಟಿಕ್ ಒಡೆದು ಒಳಗಿನ ಉಕ್ಕು ಕಾಣುತ್ತಿದ್ದರೆ, ಕವಚ ಮಡಚಿ ಮುರಿದಿದ್ದರೆ, ನಿಪ್ಪಲ್ ಸಡಿಲವಾಗಿದ್ದರೆ ಅಥವಾ ಎಣ್ಣೆ ಹಾಕಿದ ಮೇಲೂ ಹಿಡಿ ತಾನಾಗಿ ಹಿಂದಿರುಗದಿದ್ದರೆ ಹೊಸ ಕೇಬಲ್ ಹಾಕಬೇಕು. ಕಿತ್ತ ತಂತಿಗೆ ಬೆಸುಗೆ ಹಾಕಿಸುವುದು, ಗಂಟು ಹಾಕುವುದು, ಹಿಡಿ ಹಿಂದಿರುಗಲೆಂದು ಹೊರಗಿನಿಂದ ಇನ್ನೊಂದು ಸ್ಪ್ರಿಂಗ್ ಕಟ್ಟುವುದು ಕೂಡದು. ಅದು ರೋಗವನ್ನು ಬಿಟ್ಟು ನೋವನ್ನಷ್ಟೇ ಮರೆಸಿದಂತೆ.

ಅಂಗಡಿಗೆ ಹೋಗುವಾಗ ಹಳೆಯ ಕೇಬಲ್ಲನ್ನು ಜೊತೆಯಲ್ಲಿ ಒಯ್ದು ಉದ್ದ, ನಿಪ್ಪಲ್ಲಿನ ಆಕಾರ ಮತ್ತು ಅಡ್ಜಸ್ಟರನ್ನು ಹೋಲಿಸಿ ನೋಡಬೇಕು. ಹ್ಯಾಂಡಲ್ ಎತ್ತರ ಮಾಡಿಸಿದ ಗಾಡಿಗಳಿಗೆ ಮೂಲ ಕೇಬಲ್ ಗಿಡ್ಡವಾಗುವುದುಂಟು. ದೂರದ ಊರುಗಳಿಗೆ ಓಡಾಡುವವರು ಒಂದು ಹೊಸ ಕೇಬಲ್ಲನ್ನು ಸೀಟಿನ ಕೆಳಗೆ ಇಟ್ಟುಕೊಂಡಿದ್ದರೆ ದಾರಿಯಲ್ಲಿ ಗಾಡಿ ತಳ್ಳುವ ಕಷ್ಟ ತಪ್ಪುತ್ತದೆ.

ಓಡುತ್ತಿರುವಾಗ ಆಕ್ಸಿಲರೇಟರ್ ಸಿಕ್ಕಿಕೊಂಡರೆ

ಇದನ್ನು ಗಾಡಿ ಓಡಿಸುವ ಮನೆಯವರೆಲ್ಲರೂ, ಮುಖ್ಯವಾಗಿ ಹೊಸದಾಗಿ ಕಲಿತ ಮಕ್ಕಳು, ತಿಳಿದಿರಬೇಕು.

ಹಿಡಿಯನ್ನು ಒಮ್ಮೆ ಬಲವಾಗಿ ಮುಂದಕ್ಕೆ ತಿರುಗಿಸಿ ನೋಡಬೇಕು. ಅದು ಬಾರದಿದ್ದರೆ ತಕ್ಷಣ ಕ್ಲಚ್ ಹಿಡಿಯಬೇಕು. ಆಗ ಇಂಜಿನ್ ಜೋರಾಗಿ ಕೂಗಿದರೂ ಅದರ ಬಲ ಚಕ್ರಕ್ಕೆ ಹೋಗುವುದಿಲ್ಲ. ಕೂಡಲೇ ಇಂಜಿನ್ ನಿಲ್ಲಿಸುವ ಸ್ವಿಚ್ ಒತ್ತಬೇಕು. ಅದಿಲ್ಲದ ಗಾಡಿಯಲ್ಲಿ ಕೀಲಿಯನ್ನು 'ಆಫ್' ಸ್ಥಾನಕ್ಕೆ ಮಾತ್ರ ತಿರುಗಿಸಬೇಕು. ಅದಕ್ಕಿಂತ ಮುಂದೆ ತಿರುಗಿಸಿದರೆ ಹ್ಯಾಂಡಲ್ ಲಾಕ್ ಆಗುವ ಅಪಾಯವಿದೆ. ಎರಡೂ ಬ್ರೇಕುಗಳನ್ನು ಸಮನಾಗಿ ಹಾಕಿ ರಸ್ತೆಯ ಬದಿಗೆ ನಿಲ್ಲಿಸಬೇಕು. ಕ್ಲಚ್ ಹಿಡಿ ಇಲ್ಲದ ಮೊಪೆಡ್ ಮತ್ತು ಸ್ಕೂಟರುಗಳಲ್ಲಿ ಮೊದಲು ಇಂಜಿನ್ ನಿಲ್ಲಿಸಿ, ಜೊತೆಯಲ್ಲೇ ಬ್ರೇಕ್ ಹಾಕಬೇಕು. ನಿಂತ ಮೇಲೆ ಹಿಡಿ ಸಡಿಲವಾಯಿತೆಂದು ಮತ್ತೆ ಓಡಿಸಬಾರದು. ಒಮ್ಮೆ ಸಿಕ್ಕಿಕೊಂಡದ್ದು ಮತ್ತೊಮ್ಮೆ ಸಿಕ್ಕಿಕೊಳ್ಳುತ್ತದೆ.

ಸ್ವಿಚ್ ಎಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಯೂ ಬೆರಳು ಹುಡುಕುವಂತೆ ನಿಂತ ಗಾಡಿಯ ಮೇಲೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಆ ಸ್ವಿಚ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಆಗಿಂದಾಗ್ಗೆ ನೋಡಬೇಕು.

ಇತರ ಕೇಬಲ್ಲುಗಳು ಮತ್ತು ಕೃಷಿ ಯಂತ್ರಗಳು

ಕ್ಲಚ್ ಕೇಬಲ್ಲಿಗೂ ಮುಂದಿನ ಡ್ರಮ್ ಬ್ರೇಕಿನ ಕೇಬಲ್ಲಿಗೂ ಇದೇ ವಿಧಾನ ಅನ್ವಯಿಸುತ್ತದೆ. ಒಂದೇ ಸಂಜೆ ಮೂರನ್ನೂ ಮುಗಿಸಬಹುದು. ಬ್ರೇಕ್ ಕೇಬಲ್ಲಿನ ವಿಷಯದಲ್ಲಿ ಎಣ್ಣೆ ಡ್ರಮ್ಮಿನೊಳಗೆ ಇಳಿಯದಂತೆ ಕೆಳತುದಿಯನ್ನು ಕಳಚಿಯೇ ಎಣ್ಣೆ ಬಿಡಬೇಕು.

ಪವರ್ ಟಿಲ್ಲರ್, ಕಳೆ ಕತ್ತರಿಸುವ ಯಂತ್ರ ಮತ್ತು ಬೆನ್ನಿನ ಮೇಲೆ ಹೊರುವ ಪವರ್ ಸ್ಪ್ರೇಯರುಗಳಲ್ಲಿಯೂ ಇಂತಹ ಕೇಬಲ್ಲುಗಳಿವೆ. ಇವು ಮಣ್ಣು, ಕೆಸರು ಮತ್ತು ಔಷಧಿಯ ದ್ರಾವಣದ ನಡುವೆ ಕೆಲಸ ಮಾಡುತ್ತವೆ. ಹಂಗಾಮು ಮುಗಿದ ಮೇಲೆ ಹಾಗೆಯೇ ಮೂಲೆಯಲ್ಲಿಟ್ಟರೆ ಮುಂದಿನ ಹಂಗಾಮಿಗೆ ತುಕ್ಕು ಹಿಡಿದಿರುತ್ತವೆ. ಯಂತ್ರವನ್ನು ಒಳಗಿಡುವ ಮುನ್ನ ಸ್ವಚ್ಛಗೊಳಿಸಿ ಕೇಬಲ್ಲಿಗೆ ಎಣ್ಣೆ ಹಾಕಿಡಬೇಕು. ಕಳೆ ಕತ್ತರಿಸುವ ಯಂತ್ರದ ಆಕ್ಸಿಲರೇಟರ್ ಹಿಂದಿರುಗದಿದ್ದರೆ ಕೈಬಿಟ್ಟರೂ ಅಲಗು ತಿರುಗುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಎಣ್ಣೆ ಹಾಕುವ ಕಾಲ

ವರ್ಷಕ್ಕೆ ಎರಡು ಬಾರಿ ಎಣ್ಣೆ ಹಾಕುವುದು ಸಾಮಾನ್ಯ ಬಳಕೆಗೆ ಸಾಕು. ರೋಹಿಣಿ ಮಳೆಗೆ ಮುನ್ನ, ಅಂದರೆ ಮೇ ತಿಂಗಳ ನಡುವಿನಲ್ಲಿ ಒಮ್ಮೆ ಹಾಕಿದರೆ ಬೇಸಿಗೆಯ ಧೂಳು ಹೊರಬಂದು ಮಳೆಗಾಲಕ್ಕೆ ರಕ್ಷಣೆ ದೊರೆಯುತ್ತದೆ. ಆಯುಧ ಪೂಜೆಯ ಹೊತ್ತಿಗೆ ಇನ್ನೊಮ್ಮೆ ಹಾಕಿದರೆ ಮಳೆಗಾಲದ ತೇವ ಹೊರಬರುತ್ತದೆ. ಹೇಗೂ ಆ ದಿನ ಗಾಡಿ ತೊಳೆದು ಪೂಜೆ ಮಾಡುವುದು ರೂಢಿ. ತೊಳೆದ ನೀರು ಆರಿದ ಮೇಲೆ ಕೇಬಲ್ಲಿಗೆ ಎಣ್ಣೆ ಹಾಕಿ ನಂತರ ಹೂವಿನ ಹಾರ ಹಾಕಬೇಕು. ಹಾರದ ದಾರ ಆಕ್ಸಿಲರೇಟರ್ ಹಿಡಿಗೆ ಅಥವಾ ಕೇಬಲ್ಲಿಗೆ ಸುತ್ತಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಮಲೆನಾಡು ಮತ್ತು ಕರಾವಳಿಯವರು ಮಳೆಗಾಲದ ನಡುವೆ ಮತ್ತೊಮ್ಮೆ ಹಾಕುವುದು ಸೂಕ್ತ.

ಎತ್ತುಗಳನ್ನು ಗಾಡಿಗೆ ಹೂಡುವ ಮುನ್ನ ಕೊರಳ ಹಗ್ಗ, ಮೂಗುದಾರಗಳನ್ನು ಮುಟ್ಟಿ ನೋಡುವುದು ಹಿಂದಿನಿಂದ ಬಂದ ಪದ್ಧತಿ. ಓಡುವ ಎತ್ತನ್ನು ನಿಲ್ಲಿಸುವುದು ಆ ಹಗ್ಗವೇ ಎಂಬುದು ಹಿರಿಯರಿಗೆ ತಿಳಿದಿತ್ತು. ಮೋಟಾರ್ ಸೈಕಲ್ಲಿಗೆ ಆಕ್ಸಿಲರೇಟರ್ ಕೇಬಲ್ಲೇ ಮೂಗುದಾರ. ಮನೆಯಿಂದ ಹೊರಡುವ ಮುನ್ನ ಪ್ರತಿದಿನವೂ ಹಿಡಿಯನ್ನು ಒಮ್ಮೆ ತಿರುಗಿಸಿ ಕೈಬಿಟ್ಟು, ಅದು 'ಟಕ್' ಎಂದು ಹಿಂದಿರುಗಿದ ಸದ್ದನ್ನು ಕೇಳಿಯೇ ಗಾಡಿ ಏರುವ ಅಭ್ಯಾಸವನ್ನು ರೈತ ಬಾಂಧವರು ಬೆಳೆಸಿಕೊಂಡಲ್ಲಿ ಗಾಡಿಯೂ ಬಾಳುತ್ತದೆ, ಸವಾರನೂ ಸುರಕ್ಷಿತವಾಗಿ ಮನೆ ಸೇರುತ್ತಾನೆ.